ಬಂಬು ಬಂದರಷ್ಟೇ ಸಾಲದು

ಮುಂಬಯಿಯ ಚಾಳುಗಳಲ್ಲಿ ಬೆಂಕಿ ಆರಿಸುವ ಗಾಡಿಗೆ ಇರುವ ಹೆಸರು ‘ಬಂಬು’. ಮರಾಠಿ ನೆರೆಹೊರೆಯಿಂದ ನಮ್ಮ ಬಾಯಿಗೆ ಬಂದು ನಮ್ಮದೇ ಆಗಿಹೋದ ಮಾತು ಇದು. ಎಲ್ಲಿಯಾದರೂ ಹೊಗೆ ಕಂಡಿತೆಂದರೆ ‘ಬಂಬಿನವರಿಗೆ ಫೋನು ಮಾಡಿ’ ಎಂಬ ಕೂಗು ಏಳುತ್ತದೆ. ಗಾಡಿಯ ಸದ್ದು ಕೇಳಿದೊಡನೆ ಇನ್ನು ಭಯವಿಲ್ಲ ಎಂದು ಜನ ಉಸಿರು ಬಿಡುತ್ತಾರೆ. ಈ ನಂಬಿಕೆಯನ್ನು ಅಗ್ನಿಶಾಮಕ ದಳದ ಜವಾನರು ತಮ್ಮ ಪ್ರಾಣದ ಬೆಲೆ ಕೊಟ್ಟು ಗಳಿಸಿದ್ದಾರೆ. ಅದನ್ನು ಕದಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕೆಲಸಗಾರರ ಪರವಾಗಿ ಒಂದು ಪ್ರಶ್ನೆಯನ್ನು ಇಂದು ಎತ್ತಲೇಬೇಕಾಗಿದೆ. ಬೆಂಕಿ ಆರಿಸುವುದು ಒಂದು ವಿದ್ಯೆ. ಸಿಕ್ಕಿಬಿದ್ದ ಮನುಷ್ಯನನ್ನು ಜೀವಸಹಿತ ಹೊರಗೆ ತರುವುದು ಇನ್ನೊಂದು ವಿದ್ಯೆ. ಮೊದಲನೆಯದು ನಮ್ಮ ಪ್ರತಿ ಅಗ್ನಿಶಾಮಕ ಠಾಣೆಯಲ್ಲೂ ಉಂಟು. ಎರಡನೆಯದು ನಾವು ಕೆಲಸ ಮಾಡುವ, ಮಲಗುವ ಜಾಗದಿಂದ ಎಷ್ಟು ದೂರದಲ್ಲಿದೆ?

ಈ ಪ್ರಶ್ನೆ ಎಲ್ಲ ನಾಗರಿಕರದೂ ಹೌದು. ಆದರೆ ಮೊದಲು ನಮ್ಮದು. ಏಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2017ರ ಡಿಸೆಂಬರ್ 18ರ ಬೆಳಗಿನ ಜಾವ ಸಾಕಿನಾಕಾದ ಖೈರಾನಿ ರಸ್ತೆಯ ಒಂದು ಫರಸಾಣ ಅಂಗಡಿಯಲ್ಲಿ ಬೆಂಕಿ ಬಿತ್ತು. ದಿನವಿಡೀ ದುಡಿದು ಅಂಗಡಿಯಲ್ಲೇ ಮಲಗಿದ್ದ 12 ಮಂದಿ ಕೆಲಸಗಾರರು ಏಳಲಿಲ್ಲ. ಹನ್ನೊಂದೇ ದಿನ ಕಳೆದು, ಡಿಸೆಂಬರ್ 29ರ ನಡುರಾತ್ರಿ ದಾಟಿದ ಮೇಲೆ, ಲೋವರ್ ಪರೇಲಿನ ಕಮಲಾ ಮಿಲ್ ಆವರಣದಲ್ಲಿ ಮಹಡಿಯ ಮೇಲಿನ ಉಪಾಹಾರಗೃಹಗಳಿಗೆ ಬೆಂಕಿ ಹತ್ತಿ 14 ಮಂದಿ ಸತ್ತರು. ಒಂದು ಕಾಲಕ್ಕೆ ನೂಲು ತೆಗೆದ ನೆಲ ಅದು. 1982ರ ಮುಷ್ಕರದ ನಂತರ ಗಿರಣಿಗಳ ಭೋಂಗಾ ಒಂದೊಂದಾಗಿ ನಿಂತುಹೋಗಿ, ಅದೇ ಆವರಣಗಳಲ್ಲಿ ಕಚೇರಿಗಳೂ ಊಟದ ಮನೆಗಳೂ ಎದ್ದುವು. ಗಿರಣಿಯ ಕೆಲಸಗಾರ ಹೋದ ಜಾಗಕ್ಕೆ ಹೋಟೆಲಿನ ಕೆಲಸಗಾರ ಬಂದ. ಅಪಾಯ ಮಾತ್ರ ಜಾಗ ಬಿಟ್ಟು ಹೋಗಲಿಲ್ಲ.

ಇನ್ನೂ ಇವೆ. 2015ರ ಅಕ್ಟೋಬರ್ 16ರಂದು ಕುರ್ಲಾದ ಒಂದು ಹೋಟೆಲಿನಲ್ಲಿ ಅಡುಗೆ ಅನಿಲ ಸೋರಿ ಬೆಂಕಿ ಸ್ಫೋಟಿಸಿ 8 ಮಂದಿ ತೀರಿಕೊಂಡರು. 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರಸ್ತೆಯಲ್ಲಿ ಮಹಾನಗರಪಾಲಿಕೆಯ ನೌಕರರೇ ವಾಸವಿದ್ದ ಕಟ್ಟಡ ಬೆಳಗಿನ ಹೊತ್ತು ಕುಸಿದು 61 ಜೀವಗಳು ಹೋದುವು. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನಲ್ಲಿ ಕುಸಿದ ಹಳೆಯ ಕಟ್ಟಡ 33 ಮಂದಿಯನ್ನು ಬಲಿ ತೆಗೆದುಕೊಂಡಿತು. 2020ರ ಸೆಪ್ಟೆಂಬರ್ 21ರ ಬೆಳಗಿನ ಜಾವ ಭಿವಂಡಿಯಲ್ಲಿ, ಮಗ್ಗದ ಊರಿನಲ್ಲಿ, ಮನೆ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಹೋದರು. 2025ರ ಮೇ 18ರಂದು ಸೋಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಯ ಬೆಂಕಿಯಲ್ಲಿ ಮಾಲಿಕರ ಮನೆಯವರೂ ಕೆಲಸಗಾರರೂ ಸೇರಿ 8 ಮಂದಿ ಒಟ್ಟಿಗೆ ಸತ್ತರು. ಅಗ್ನಿದೇವನಿಗೆ ಮಾಲಿಕ-ಕೂಲಿ ಎಂಬ ಭೇದವಿಲ್ಲ ನಿಜ. ಆದರೆ ಅಂಗಡಿಯ ಅಟ್ಟದಲ್ಲಿ ಮಲಗುವವನು ಯಾರು, ಹಳೆಯ ಚಾಳಿನ ಖೋಲಿಯಲ್ಲಿ ಹತ್ತು ಜನರ ಜೊತೆ ಇರುವವನು ಯಾರು ಎಂದು ಲೆಕ್ಕ ಹಾಕಿದರೆ, ಯಾರ ಮನೆಗೆ ತಂತಿ ಹೆಚ್ಚಾಗಿ ಹೋಗುತ್ತಿತ್ತು, ಈಗ ಫೋನು ಹೆಚ್ಚಾಗಿ ಹೋಗುತ್ತದೆ ಎಂಬುದು ತಿಳಿಯುತ್ತದೆ.

ಈ ದುರಂತಗಳನ್ನು ಒಂದೇ ‘ಬೆಂಕಿ ಅನಾಹುತ’ ಎಂಬ ಹೆಸರಿನಿಂದ ಕರೆದು ಮುಗಿಸುವುದು ನಮ್ಮ ರೂಢಿ. ಅಲ್ಲಿಯೇ ತಪ್ಪು. ಒಂದೊಂದಕ್ಕೂ ಬೇಕಾದ ಕೈಕೆಲಸ ಬೇರೆ ಬೇರೆ.

ಕಟ್ಟಡ ಕುಸಿದಾಗ ನೀರಿನ ಕೊಳವೆಯಿಂದ ಏನೂ ಆಗದು. ಮೇಲೆ ಬಿದ್ದ ಚಪ್ಪಡಿ ಕೆಳಗೆ ಎಲ್ಲೋ ಒಂದು ಮೂಲೆಯಲ್ಲಿ, ಬೀರುವಿನದೋ ತೊಲೆಯದೋ ಆಸರೆಯಲ್ಲಿ, ಗಾಳಿಯಾಡುವಷ್ಟು ಪೊಳ್ಳು ಉಳಿದಿರುತ್ತದೆ. ಬದುಕಿರುವವರು ಇರುವುದು ಅಲ್ಲಿ. ಅವಸರದಿಂದ ಜೆಸಿಬಿ ಯಂತ್ರ ಹಚ್ಚಿ ಮೇಲಿನ ರಾಶಿ ಎಳೆದರೆ ಆ ಪೊಳ್ಳು ಮುಚ್ಚಿಹೋಗಿ, ಉಳಿದವನೂ ಹೋಗುತ್ತಾನೆ. ಪಳಗಿದ ತಂಡ ಮೊದಲು ಮಾಡುವ ಕೆಲಸ ಸುಮ್ಮನಾಗುವುದು. ಯಂತ್ರ ನಿಲ್ಲಿಸಿ, ಜನರ ಬಾಯಿ ಮುಚ್ಚಿಸಿ, ಕಿವಿಗೊಟ್ಟು ಕೇಳುತ್ತಾರೆ. ಸಣ್ಣ ಸಪ್ಪಳವನ್ನೂ ಹಿಡಿಯುವ ಉಪಕರಣ, ಕೋಲಿನ ತುದಿಗೆ ಕಟ್ಟಿದ ಕ್ಯಾಮೆರಾ, ವಾಸನೆ ಹಿಡಿಯುವ ನಾಯಿ, ಇವುಗಳಿಂದ ಜಾಗ ಗೊತ್ತುಮಾಡಿಕೊಂಡು, ಮರದ ಟೇಕುಗಳನ್ನು ಕೊಟ್ಟು, ಮೊಳ ಮೊಳವಾಗಿ ಒಳಗೆ ತೆವಳುತ್ತಾರೆ. ಸರಳು ಕತ್ತರಿಸಲು ಒಂದು ಯಂತ್ರ, ಚಪ್ಪಡಿ ಎತ್ತಲು ಗಾಳಿ ತುಂಬುವ ಚೀಲ. ಇದು ಎದೆಗಾರಿಕೆಯಿಂದಷ್ಟೇ ಆಗುವ ಕೆಲಸವಲ್ಲ. ತಿಂಗಳುಗಟ್ಟಲೆ ಕಲಿತು, ವರ್ಷಗಟ್ಟಲೆ ಮರೆಯದಂತೆ ಮಾಡುತ್ತಿರಬೇಕಾದ ಕಸುಬು.

ವಿಷಗಾಳಿಯ ಗುಂಡಿ ಇನ್ನೊಂದು. ಹೋಟೆಲಿನ ಸೆಪ್ಟಿಕ್ ಟಾಂಕಿ, ಗಟಾರದ ಮ್ಯಾನ್‌ಹೋಲು, ಬಣ್ಣದ ಕಾರ್ಖಾನೆಯ ಹೌದು, ಇವೆಲ್ಲ ಒಂದೇ ಜಾತಿ. ಕೊಳೆತಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸಿ ವಾಸನೆ ತಿಳಿಯದಂತೆ ಮಾಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಒಂದೆರಡು ಉಸಿರಿನಲ್ಲಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನು, ಅವನ ಹಿಂದೆ ಮೂರನೆಯವನು. 2019ರ ಜೂನ್‌ನಲ್ಲಿ ಗುಜರಾತಿನ ವಡೋದರಾ ಜಿಲ್ಲೆಯ ದಭೋಯಿ ಸಮೀಪ ಒಂದು ಹೋಟೆಲಿನ ಟಾಂಕಿ ಶುಚಿ ಮಾಡುವಾಗ ಹೀಗೆಯೇ 7 ಮಂದಿ ಸತ್ತರು. ನಾಲ್ವರು ಸಫಾಯಿ ಕೆಲಸಗಾರರು. ಮೂವರು ಹೋಟೆಲಿನ ಕೆಲಸಗಾರರು. ನಮ್ಮ ಕಸುಬಿನವರೇ. ಅಂಥ ಗುಂಡಿಗೆ ಇಳಿಯಬೇಕಾದವನು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಮೂರು ಕಾಲಿನ ರಾಟೆ ನಿಲ್ಲಿಸಿ, ಅನಿಲ ಅಳೆಯುವ ಯಂತ್ರದಿಂದ ನೋಡಿಕೊಂಡು ಇಳಿಯಬೇಕು. ಆ ಸಿಲಿಂಡರಿನ ಗಾಳಿಯೂ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಲೆಕ್ಕ ತಪ್ಪಿದರೆ ರಕ್ಷಕನೂ ಹೆಣವೇ.

ಎತ್ತರದ ಕಟ್ಟಡದಿಂದ ಇಳಿಸುವುದು ಮೂರನೆಯದು. 2019ರ ಜುಲೈ 22ರಂದು ಬಾಂದ್ರಾದ ಟೆಲಿಫೋನ್ ನಿಗಮದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮುಂಬಯಿ ಅಗ್ನಿಶಾಮಕ ದಳದವರು ಏಣಿಗಾಡಿ ಹಚ್ಚಿ 84 ಮಂದಿಯನ್ನು ತಾರಸಿ ಮಹಡಿಗಳಿಂದ ಕೆಳಗಿಳಿಸಿದರು. ಅದು ಪಳಗಿದ ಕೈಯ ಕೆಲಸ. ಅದಕ್ಕಾಗಿ ನಾವು ಅವರಿಗೆ ಕೈಮುಗಿಯುತ್ತೇವೆ. ನೆರೆನೀರಿನಿಂದ ಎತ್ತುವುದು ನಾಲ್ಕನೆಯದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದಾಗ ಆ ವಿದ್ಯೆಯ ಬೆಲೆ ಎಷ್ಟೆಂಬುದನ್ನು ಈ ನಗರ ಕಂಡಿತು.

ಬೇರೆ ದೇಶಗಳಲ್ಲಿ ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿದರು. ಗುರುತಿಸಲು ಕೆಲಸಗಾರರ ಹೆಣಗಳು ಬೇಕಾದುವು ಎಂಬುದೂ ನಿಜ. ನ್ಯೂಯಾರ್ಕಿನಲ್ಲಿ 1911ರ ಮಾರ್ಚ್ 25ರಂದು ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೆಯ ಅಂತಸ್ತಿನಲ್ಲಿ. ದಳದ ಏಣಿ ಮುಟ್ಟಿದ್ದು ಆರನೆಯದರವರೆಗೆ. ಬಾಗಿಲಿಗೆ ಬೀಗ. ಸತ್ತವರು 146 ಮಂದಿ, ಹೆಚ್ಚಿನವರು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಮರುವರ್ಷ, 1912ರ ಜನವರಿಯಲ್ಲಿ ಅದೇ ನಗರದ ಈಕ್ವಿಟೆಬಲ್ ಕಟ್ಟಡ ಉರಿಯುವಾಗ ನೆಲಮಾಳಿಗೆಯ ಖಜಾನೆಯಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ದಪ್ಪ ಉಕ್ಕಿನ ಸರಳುಗಳನ್ನು ಕೈಗರಗಸದಿಂದ ಕೊಯ್ಯಬೇಕಾಯಿತು. ಇಂಥ ಅನುಭವಗಳ ಫಲವಾಗಿ 1915ರಲ್ಲಿ ಅಲ್ಲಿನ ಅಗ್ನಿಶಾಮಕ ಇಲಾಖೆ ‘ರೆಸ್ಕ್ಯೂ ಕಂಪನಿ ಒಂದು’ ಎಂಬ ಪ್ರತ್ಯೇಕ ತಂಡ ಕಟ್ಟಿತು. ಆ ತಂಡಕ್ಕೆ ಆರಿಸಿದ್ದು ಯಾರನ್ನು? ಯಂತ್ರ ಬಲ್ಲವರು, ಕಬ್ಬಿಣದ ಕೆಲಸ ಬಲ್ಲವರು, ವಿದ್ಯುತ್ತಿನ ಕೆಲಸ ಬಲ್ಲವರು, ಹಗ್ಗ-ರಾಟೆ ಬಲ್ಲವರು. ಅಂದರೆ ದಳದೊಳಗಿನ ಕಸುಬುದಾರರನ್ನು. ಇಂದು ಆ ನಗರದ ಐದು ವಿಭಾಗಗಳಿಗೂ ಒಂದೊಂದು ರಕ್ಷಣಾ ಕಂಪನಿ ಇದೆ. ಜಪಾನಿನ ಕೋಬೆ ಪ್ರದೇಶದಲ್ಲಿ 1995ರ ಜನವರಿ 17ರಂದು ಭೂಕಂಪವಾಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, 1996ರಲ್ಲಿ ಟೋಕಿಯೋ ಅಗ್ನಿಶಾಮಕ ಇಲಾಖೆ ‘ಹೈಪರ್ ರೆಸ್ಕ್ಯೂ’ ಎಂಬ ವಿಶೇಷ ದಳವನ್ನು ನಿಲ್ಲಿಸಿತು.

ನಮ್ಮಲ್ಲಿ ಏನಾಯಿತು? ನಮ್ಮ ದೇಶದ ಅಗ್ನಿಶಾಮಕ ದಿನದ ಹಿಂದೆ ಇರುವುದೂ ಮುಂಬಯಿಯ ಕಥೆಯೇ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಬೇಲುಗಳೂ ಸುಮಾರು 1,400 ಟನ್ ಸಿಡಿಮದ್ದೂ ಒಟ್ಟಿಗಿದ್ದುವು. ಹತ್ತಿಯ ಬೇಲಿಗೆ ಹಿಡಿದ ಬೆಂಕಿ ಹೇಗೆ ಒಳಗೊಳಗೇ ಕುದಿಯುತ್ತದೆ, ಮೇಲೆ ಸುರಿದ ನೀರು ಹೇಗೆ ಒಳಕ್ಕೆ ಇಳಿಯುವುದಿಲ್ಲ ಎಂಬುದನ್ನು ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ನಾಲ್ಕು ದಾಟಿದ ಮೇಲೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಮತ್ತೊಮ್ಮೆ ಸಿಡಿಯಿತು. ದಳದ 66 ಮಂದಿ ಅಂದು ಮಡಿದರು. ಡಾಕಿನ ಕೂಲಿಗಳೂ ನೆರೆಕೇರಿಯ ಬಡವರೂ ನೂರುಗಟ್ಟಲೆ ಹೋದರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುವುದು ಇವರ ನೆನಪಿನಲ್ಲಿ.

ಇತ್ತೀಚಿನ ನೆನಪೂ ಇದೆ. 2015ರ ಮೇ 9ರಂದು ಕಾಲ್ಬಾದೇವಿಯ ಹಳೆಯ ಕಟ್ಟಡವೊಂದು ಉರಿದು ಕುಸಿದಾಗ ಮುಂಬಯಿ ದಳ ತನ್ನ ನಾಲ್ವರು ಅಧಿಕಾರಿಗಳನ್ನು ಕಳೆದುಕೊಂಡಿತು. ಸಂಜಯ ರಾಣೆ, ಮಹೇಂದ್ರ ದೇಸಾಯಿ ಕುಸಿತದಲ್ಲೇ ಹೋದರು. ಉಪಮುಖ್ಯ ಅಧಿಕಾರಿ ಸುಧೀರ್ ಅಮೀನರೂ ಮುಖ್ಯ ಅಧಿಕಾರಿ ಸುನಿಲ್ ನೇಸರೀಕರರೂ ಅದೇ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡರು. ದಳದ ತಲೆಯಾಳೇ ಬೆಂಕಿಯ ಮುಂದೆ ನಿಂತು ಪ್ರಾಣ ಕೊಟ್ಟದ್ದು ಅವರ ಧೈರ್ಯಕ್ಕೆ ಸಾಕ್ಷಿ. ಆದರೆ ಧೈರ್ಯವನ್ನು ಹೊಗಳಿ ಹಾರ ಹಾಕಿದರೆ ನಮ್ಮ ಕರ್ತವ್ಯ ಮುಗಿಯಿತೇ? ಒಳಗೆ ಹೋದ ರಕ್ಷಕರನ್ನೇ ರಕ್ಷಿಸಲು ಹೊರಗೆ ಇನ್ನೊಂದು ತಂಡ ಕೈಕಟ್ಟಿ, ಸಜ್ಜಾಗಿ, ಬೇರೆ ಯಾವ ಕೆಲಸಕ್ಕೂ ಕೈಹಾಕದೆ ನಿಂತಿರಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. ಅಷ್ಟು ಜನ ಬೇಕಾದರೆ ಅಷ್ಟು ಹುದ್ದೆ ಬೇಕು. ಅಷ್ಟು ಹುದ್ದೆ ಬೇಕಾದರೆ ಅಷ್ಟು ಸಂಬಳ ಬೇಕು.

ಇದಕ್ಕೆ ಕೆಲವರು ಹೇಳುವ ಉತ್ತರ ನಮಗೆ ಗೊತ್ತು. ‘ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ ಇದೆಯಲ್ಲ, ಅವರು ಬರುತ್ತಾರೆ’ ಎನ್ನುತ್ತಾರೆ. ಇದೆ, ನಿಜ. 2005ರ ಕಾನೂನಿನ ಪ್ರಕಾರ 2006ರಲ್ಲಿ ಕಟ್ಟಿದ ಪಡೆ ಅದು. 45 ಜನರ ಒಂದೊಂದು ತಂಡದಲ್ಲೂ ಇಂಜಿನಿಯರು, ವಿದ್ಯುತ್ ಕೆಲಸದವರು, ವೈದ್ಯ ಸಹಾಯಕರು, ನಾಯಿಗಳು ಎಲ್ಲ ಉಂಟು. 2019ರ ಮಾರ್ಚ್ 19ರಂದು ನಮ್ಮ ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತಾಗ, ಆ ಪಡೆಯೂ ರಾಜ್ಯದ ಪಡೆಯೂ ಅಗ್ನಿಶಾಮಕರೂ ಹಗಲಿರುಳು ಕೂಡಿ ದುಡಿದು, ಮಾರ್ಚ್ 22ರಂದೂ ಅವಶೇಷದ ಅಡಿಯಿಂದ ಜೀವ ಇದ್ದವರನ್ನು ಹೊರತೆಗೆದರು. ಆ ದಿನ ಕನ್ನಡ ನಾಡೆಲ್ಲ ಕಣ್ಣೊರಸಿಕೊಂಡಿತು. ಅವರ ಸಾಮರ್ಥ್ಯದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ.

ಆದರೆ ಮಹಾರಾಷ್ಟ್ರಕ್ಕೆ ಆ ಪಡೆಯ ಬೆಟಾಲಿಯನ್ ಇರುವುದು ಪುಣೆಯ ಹತ್ತಿರ. 2020ರ ಆಗಸ್ಟ್ 24ರ ಸಂಜೆ ರಾಯಗಡದ ಮಹಾಡಿನಲ್ಲಿ ಕಟ್ಟಡ ಬಿದ್ದು 16 ಮಂದಿ ಸತ್ತಾಗ, ಪುಣೆಯಿಂದ ತಂಡಗಳು ಘಾಟು ಇಳಿದು ಬರಬೇಕಾಯಿತು. ಮುಂಬಯಿಯಲ್ಲಿ ಒಂದೆರಡು ತಂಡಗಳನ್ನು ಇರಿಸಿಕೊಂಡರೂ, ಅಪ್ಪಣೆ ಬಂದು, ಗಾಡಿ ಹೊರಟು, ನಮ್ಮ ರಸ್ತೆಗಳ ವಾಹನದ ಒತ್ತಿನಲ್ಲಿ ನುಸುಳಿ ತಲುಪುವ ಹೊತ್ತಿಗೆ ಮೊದಲ ಗಂಟೆ ಕಳೆದಿರುತ್ತದೆ. ಕುಸಿತದಲ್ಲಿ ಜೀವ ಸಹಿತ ಹೊರಬರುವವರಲ್ಲಿ ಹೆಚ್ಚಿನವರು ಬರುವುದು ಮೊದಲ ಗಂಟೆಗಳಲ್ಲಿ. ಹೊಗೆಯಲ್ಲಿ ಸಿಕ್ಕಿದವನಿಗೆ ಗಂಟೆಯ ಲೆಕ್ಕವೇ ಇಲ್ಲ, ನಿಮಿಷದ ಲೆಕ್ಕ. ಗುಂಡಿಯಲ್ಲಿ ಬಿದ್ದವನಿಗೆ ಉಸಿರಿನ ಲೆಕ್ಕ. ದೊಡ್ಡ ಆಸ್ಪತ್ರೆ ಊರಿಗೆ ಒಂದಿದ್ದರೂ ಕೇರಿಗೊಬ್ಬ ವೈದ್ಯ ಬೇಕು ಎನ್ನುವುದಿಲ್ಲವೇ? ಇದೂ ಹಾಗೆಯೇ. ರಾಷ್ಟ್ರದ ಪಡೆ ಬರುವವರೆಗೆ ಊರಿನ ದಳವೇ ಆ ಕೆಲಸ ಹಿಡಿಯಬೇಕು.

‘ದಳದಲ್ಲಿ ರೆಸ್ಕ್ಯೂ ವ್ಯಾನು ಇದೆ, ಸಲಕರಣೆ ಇದೆ’ ಎಂದು ಇನ್ನು ಕೆಲವರು ಹೇಳುತ್ತಾರೆ. ಸಲಕರಣೆ ಇರಬಹುದು. ಒಲೆ ಇದ್ದ ಮಾತ್ರಕ್ಕೆ ಅಡುಗೆ ಆಗುವುದಿಲ್ಲವೆಂದು ಹೋಟೆಲಿನ ಕೆಲಸಗಾರನಿಗಿಂತ ಚೆನ್ನಾಗಿ ಬಲ್ಲವರು ಯಾರು? ದೋಸೆಯ ಕಾವಲಿಯ ಮುಂದೆ ನಿಲ್ಲುವವನು ಬೇರೆ, ಮಿಠಾಯಿಯ ಕಡಾಯಿಯ ಮುಂದೆ ನಿಲ್ಲುವವನು ಬೇರೆ. ಒಬ್ಬನನ್ನೇ ಎರಡೂ ಕಡೆ ಓಡಾಡಿಸಿದರೆ ದೋಸೆಯೂ ಸೀಯುತ್ತದೆ, ಪಾಕವೂ ಕೆಡುತ್ತದೆ. ನಮ್ಮ ದೇಶದ ಬಹುತೇಕ ನಗರಗಳಲ್ಲಿ ಬೆಂಕಿಗೆ ಓಡುವ ಜವಾನನೇ ಮರ ಬಿದ್ದಲ್ಲಿಗೂ, ಲಿಫ್ಟು ಸಿಕ್ಕಿಕೊಂಡಲ್ಲಿಗೂ, ಗಾಳಿಪಟದ ದಾರಕ್ಕೆ ಸಿಕ್ಕಿದ ಹಕ್ಕಿಗೂ, ಕುಸಿದ ಮನೆಗೂ ಓಡುತ್ತಾನೆ. ಅವನು ಮನಸ್ಸು ಮಾಡಿ ಮಾಡುತ್ತಾನೆ; ಆದರೆ ಎಲ್ಲ ವಿದ್ಯೆಯನ್ನೂ ಒಬ್ಬನೇ ಹರಿತವಾಗಿ ಇಟ್ಟುಕೊಳ್ಳುವುದು ಮನುಷ್ಯಮಾತ್ರನಿಗೆ ಸಾಧ್ಯವಿಲ್ಲ.

ಮೂರನೆಯ ಆಕ್ಷೇಪ ಹಣದ್ದು. ಇದನ್ನು ಮುಂಬಯಿಯಲ್ಲಿ ಕೇಳಿದಾಗ ನಮಗೆ ನಗು ಬರುತ್ತದೆ. ಈ ಮಹಾನಗರಪಾಲಿಕೆಯ 2025-26ರ ಮುಂಗಡಪತ್ರ 74,000 ಕೋಟಿ ರೂಪಾಯಿಗಳನ್ನು ಮೀರಿತ್ತು. ರಾಜ್ಯಗಳ ಅಗ್ನಿಶಾಮಕ ಸೇವೆಗಳನ್ನು ವಿಸ್ತರಿಸಿ ಹೊಸಗೊಳಿಸಲು ಕೇಂದ್ರ ಸರಕಾರ 2023ರಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಆರಂಭಿಸಿತು. ಸಂವಿಧಾನದ 12ನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಸಭೆಗಳ ಕೆಲಸಗಳ ಸಾಲಿನಲ್ಲಿ ಬರೆದಿದೆ. ಆದ್ದರಿಂದ ‘ಇದು ನಮ್ಮ ಕೆಲಸವಲ್ಲ’ ಎನ್ನಲೂ ಬಾರದು, ‘ನಮ್ಮಲ್ಲಿ ದುಡ್ಡಿಲ್ಲ’ ಎನ್ನಲೂ ಬಾರದು. ಇಲ್ಲದ್ದು ಒತ್ತಾಯ. ಅದನ್ನು ತರಬೇಕಾದವರು ನಾವು. ಮಹಡಿಮನೆಯ ಸೊಸಾಯಿಟಿಯವರು ತಮ್ಮ ತಮ್ಮ ವ್ಯವಸ್ಥೆ ಮಾಡಿಕೊಳ್ಳಬಲ್ಲರು. ಚಾಳಿನವನಿಗೆ ಪಾಲಿಕೆಯ ಬಂಬು ಒಂದೇ ಗತಿ.

ಹಾಗಾದರೆ ನಾವು ಕೇಳುವುದೇನು? ಮೊದಲನೆಯದು, ಗಿರಣಗಾಂವ್, ಕುರ್ಲಾ-ಸಾಕಿನಾಕಾ, ಡೋಂಗ್ರಿ-ಭೇಂಡಿ ಬಜಾರ್, ಭಿವಂಡಿಯಂಥ ಕೆಲಸಗಾರರ ನೆಲೆಗಳ ಸಮೀಪದ ಠಾಣೆಗಳಲ್ಲಿ ಮೂರು ಪಾಳಿಗೂ ಸಾಕಾಗುವ ಪ್ರತ್ಯೇಕ ರಕ್ಷಣಾ ತಂಡ ಇರಬೇಕು. ಆ ತಂಡವನ್ನು ಬೇರೆ ಕೆಲಸಕ್ಕೆ ಎಳೆಯಕೂಡದು. ಎರಡನೆಯದು, ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದಲೇ ತುಂಬಬೇಕು. ಪ್ರಾಣ ಪಣಕ್ಕಿಡುವ ಕೆಲಸವನ್ನು ಗುತ್ತಿಗೆಗೆ ಕೊಡುವುದು ಅನ್ಯಾಯ. ಮೂರನೆಯದು, ಈ ವಿದ್ಯೆ ಕಲಿತವನಿಗೆ ವಿಶೇಷ ಭತ್ತೆ, ಪೂರ್ಣ ವಿಮೆ, ಕಾಲಕಾಲಕ್ಕೆ ಪುಪ್ಪುಸದ ತಪಾಸಣೆ ಸಿಗಬೇಕು. ಹೊಗೆ ಕುಡಿದು ದುಡಿಯುವವನೂ ಕೆಲಸಗಾರನೇ; ಅವನ ಹಕ್ಕು ನಮ್ಮ ಹಕ್ಕಿಗಿಂತ ಬೇರೆಯಲ್ಲ. ನಾಲ್ಕನೆಯದು, ತಂಡ ಎಷ್ಟು ಕರೆಗಳಿಗೆ ಹೋಯಿತು, ಎಷ್ಟು ಹೊತ್ತಿಗೆ ತಲುಪಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು.

ನ್ಯೂಯಾರ್ಕಿನ ಮೊದಲ ತಂಡದಲ್ಲಿ ಕಸುಬುದಾರರಿದ್ದರು ಎಂದೆವಷ್ಟೆ. ಈ ಮಾತು ನಮ್ಮ ಯುವಕರ ಕಿವಿಗೆ ಬೀಳಲಿ. ಟೇಕು ಕೊಡುವುದು, ರಾಟೆ ಕಟ್ಟುವುದು, ಕಬ್ಬಿಣ ಕೊಯ್ಯುವುದು, ಭಾರದ ತೂಕವನ್ನು ಕಣ್ಣಳತೆಯಲ್ಲಿ ತಿಳಿಯುವುದು ಗಿರಣಿಯ ಫಿಟ್ಟರುಗಳ ಮನೆಯ ವಿದ್ಯೆ. ಆ ಮನೆಗಳ ಹುಡುಗರು ಅಗ್ನಿಶಾಮಕ ದಳದ ನೇಮಕಾತಿಗೆ ಏಕೆ ಹೋಗಬಾರದು? ನಾಗಪುರದಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. ಅರ್ಜಿ ತುಂಬುವ ದಾರಿ, ಮೈಕಟ್ಟಿನ ಪರೀಕ್ಷೆ, ಮರಾಠಿಯ ಜ್ಞಾನ ಇವುಗಳಿಗೆ ನಮ್ಮ ಸಂಘಗಳು ಸಂಜೆಯ ತರಗತಿ ನಡೆಸಿದರೆ ಅದು ಸಂಘದ ವಾರ್ಷಿಕೋತ್ಸವದ ನಾಟಕಕ್ಕಿಂತ ಕಡಿಮೆ ಸೇವೆಯಲ್ಲ. ನಾಟಕವೂ ಇರಲಿ, ಇದೂ ಇರಲಿ.

ಇನ್ನು ನಮ್ಮ ಕೈಯಲ್ಲೇ ಇರುವ ಮಾತುಗಳು. ಸರಕಾರವನ್ನು ಕೇಳುವವನು ತನ್ನ ಮನೆಯ ಬಾಗಿಲನ್ನೂ ನೋಡಿಕೊಳ್ಳಬೇಕು. ಕೋಬೆಯ ಭೂಕಂಪದಲ್ಲಿ ಜೀವ ಇದ್ದವರನ್ನು ಹೆಚ್ಚಾಗಿ ಹೊರತೆಗೆದವರು ನೆರೆಯವರೇ ಎಂಬುದನ್ನು ಮರೆಯಬಾರದು. ಅಂದರೆ ಮೊದಲ ಹತ್ತು ನಿಮಿಷದ ರಕ್ಷಕರು ನಾವೇ.

ಹೊರಗಿನಿಂದ ಬೀಗ ಹಾಕಿದ ಅಂಗಡಿಯೊಳಗೆ ಯಾರೂ ಮಲಗಕೂಡದು. ಮಾಲಿಕರು ಒಳ್ಳೆಯವರಿರಬಹುದು, ಊರಿನವರೇ ಇರಬಹುದು, ಅನ್ನ ಕೊಟ್ಟವರಿರಬಹುದು. ‘ಅಣ್ಣಾ, ಒಳಗಿನಿಂದ ತೆಗೆಯುವ ಒಂದು ದಾರಿ ಬೇಕು’ ಎಂದು ವಿನಯದಿಂದ ಆದರೆ ಬಿಡದೆ ಕೇಳಬೇಕು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾನೂನಿನಂತೆ ಕಟ್ಟಡದ ಮಾಲಿಕರೋ ಅನುಭೋಗದಾರರೋ ಬೆಂಕಿಯ ಸಲಕರಣೆ ಸರಿಯಾಗಿದೆಯೆಂದು ಪರವಾನಗಿ ಪಡೆದವರಿಂದ ವರ್ಷಕ್ಕೆರಡು ಸಲ, ಜನವರಿಯಲ್ಲೂ ಜುಲೈಯಲ್ಲೂ, ‘ಬಿ’ ನಮೂನೆಯ ಪ್ರಮಾಣಪತ್ರ ಕೊಡಬೇಕು. ಆ ಕಾಗದ ನಮ್ಮ ಹೋಟೆಲಿನಲ್ಲಿ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಅಡುಗೆಮನೆಯಲ್ಲಿ ಸಿಲಿಂಡರಿನ ಅನಿಲ ಸೋರಿದರೆ ಅದು ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ, ಮೋರಿಯ ಬಾಯಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಬಂದೊಡನೆ ಒಲೆ ಆರಿಸಿ, ಸಿಲಿಂಡರಿನ ಬಾಯಿ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ದೀಪದ ಗುಂಡಿಯನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಒಂದು ಕಿಡಿ ಸಾಕು. ಟಾಂಕಿಗೆ ಅಥವಾ ಮ್ಯಾನ್‌ಹೋಲಿಗೆ ಇಳಿ ಎಂದು ಯಾರೇ ಹೇಳಲಿ, ಇಳಿಯಬೇಡಿ. ಯಾವ ರಕ್ಷಣೆಯೂ ಇಲ್ಲದೆ ಮನುಷ್ಯನನ್ನು ಹಾಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಗಟಾರದಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಯಾವ ಪರಿಹಾರವೂ ಮಗನನ್ನು ಮರಳಿ ಕೊಡದು. ಒಳಗೆ ಒಬ್ಬ ಬಿದ್ದಿದ್ದರೂ ಬರಿಗೈಯಲ್ಲಿ ಹಿಂದೆಯೇ ಧುಮುಕಬೇಡಿ. ಹೊರಗೆ ನಿಂತು 101ಕ್ಕೆ, ಇಲ್ಲವೇ 112ಕ್ಕೆ ಕರೆ ಮಾಡಿ, ‘ಗುಂಡಿಯಲ್ಲಿ ಮನುಷ್ಯ ಬಿದ್ದಿದ್ದಾನೆ’ ಎಂದು ಸ್ಪಷ್ಟವಾಗಿ ಹೇಳಿ. ಏನಾಗಿದೆ ಎಂದು ತಿಳಿದರೆ ತಕ್ಕ ತಂಡ, ತಕ್ಕ ಸಲಕರಣೆ ಹೊರಡುತ್ತದೆ. ಮುಂಬಯಿಯಲ್ಲಿ ಪಾಲಿಕೆಯ ವಿಪತ್ತು ನಿಯಂತ್ರಣ ಕೇಂದ್ರದ ಸಂಖ್ಯೆ 1916. ಈ ಮೂರು ಸಂಖ್ಯೆಗಳನ್ನು ಗಲ್ಲಾದ ಹಿಂದೆ, ಅಡುಗೆಮನೆಯ ಗೋಡೆಯ ಮೇಲೆ, ಖೋಲಿಯ ಬಾಗಿಲ ಮೇಲೆ ದೊಡ್ಡದಾಗಿ ಬರೆಯಿಸಿ.

ಮನೆ ಕುಸಿದಲ್ಲಿ ಗುಂಪುಗೂಡಿ ರಾಶಿಯ ಮೇಲೆ ಹತ್ತಬೇಡಿ. ಯಾರು ಯಾರು ಒಳಗಿದ್ದರು, ಯಾವ ಖೋಲಿಯಲ್ಲಿ, ಯಾವ ಮೂಲೆಯಲ್ಲಿ ಮಲಗುತ್ತಿದ್ದರು ಎಂಬುದನ್ನು ದಳದವರಿಗೆ ಹೇಳಿ. ಎಷ್ಟೋ ಸಲ ಆ ಒಂದು ಮಾತು ಹತ್ತು ಯಂತ್ರಗಳ ಕೆಲಸ ಮಾಡುತ್ತದೆ. ಹೋಟೆಲಿನಲ್ಲಿ ರಾತ್ರಿ ಮಲಗುವವರ ಹೆಸರಿನ ಪಟ್ಟಿ ಗಲ್ಲಾದಲ್ಲೂ ಹೊರಗಿನ ಒಬ್ಬರ ಕೈಯಲ್ಲೂ ಇರಬೇಕು. ಊರು ಬಿಟ್ಟು ಬಂದ ಹುಡುಗನ ಹೆಸರು ಯಾವ ಕಾಗದದಲ್ಲೂ ಇಲ್ಲದಿದ್ದರೆ, ಅವನು ಒಳಗಿದ್ದಾನೆಂದು ಹುಡುಕುವವರಿಗೆ ತಿಳಿಯುವುದಾದರೂ ಹೇಗೆ?

ಮುಂದಿನ ಅಗ್ನಿಶಾಮಕ ಸಪ್ತಾಹಕ್ಕೆ ಮುಂಚೆ ನಮ್ಮ ಕನ್ನಡ ಸಂಘಗಳು, ಹೋಟೆಲ್ ಕೆಲಸಗಾರರ ಸಂಘಟನೆಗಳು, ಗಿರಣಿಯ ನಿವೃತ್ತ ಹಿರಿಯರು ಒಟ್ಟಾಗಿ ಒಂದು ಮನವಿಪತ್ರ ಸಿದ್ಧಪಡಿಸಲಿ. ಅದಕ್ಕೆ ನಮ್ಮ ಮರಾಠಿ, ಉತ್ತರ ಭಾರತೀಯ, ತೆಲುಗು ಬಂಧುಗಳ ಸಹಿಯನ್ನೂ ಕೂಡಿಸಲಿ, ಹೊಗೆಗೆ ಭಾಷೆಯಿಲ್ಲ. ಮನವಿಯನ್ನು ವಾರ್ಡಿನ ಕಚೇರಿಗೂ, ಪಾಲಿಕೆಯ ಆಯುಕ್ತರಿಗೂ, ಅಗ್ನಿಶಾಮಕ ದಳದ ಮುಖ್ಯರಿಗೂ ಕೊಟ್ಟು, ಉತ್ತರ ಬರುವವರೆಗೆ ಬೆನ್ನುಹತ್ತಲಿ. ಸಪ್ತಾಹದ ಒಂದು ಸಂಜೆ ಸಮೀಪದ ಠಾಣೆಯ ಜವಾನರನ್ನು ಸಂಘದ ಸಭಾಗೃಹಕ್ಕೆ ಕರೆದು, ಹೂಮಾಲೆಯ ಜೊತೆಗೆ ಒಂದು ಪಾಠವನ್ನೂ ಮಾಡಿಸಲಿ. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವ ಗಾದೆಯನ್ನು ನಾವೆಲ್ಲ ಬಲ್ಲೆವು. ಈಗ ಬೆಂಕಿ ಹತ್ತಿಲ್ಲ. ಬಾವಿ ತೋಡಲು ಇದೇ ಹೊತ್ತು.